ವಿಶ್ವದ ಉಗಮವೂ ಶಕ್ತಿಯ ಲೆಕ್ಕವೂ

ರಾಯಚೂರಿನ ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದು ಅಖಂಡ ಶಿಲೆಯಿದೆ. ಕಾಕತೀಯರ ಆಳ್ವಿಕೆಯಲ್ಲಿ, ಕ್ರಿ. ಶ. 1294ರಲ್ಲಿ, ಕೋಟೆಯನ್ನು ಕಟ್ಟಿಸಿದ ವಿಷಯವನ್ನು ತಿಳಿಸುವ ಶಾಸನ ಅದರ ಮೇಲಿದೆ. ಆ ಶಾಸನದ ಬಳಿಯಲ್ಲಿಯೇ, ಅಷ್ಟು ದೊಡ್ಡ ಕಲ್ಲನ್ನು ಅಲ್ಲಿಗೆ ಸಾಗಿಸಿದ ಬಗೆಯನ್ನು ತೋರಿಸುವ ಚಿತ್ರವೂ ಉಂಟು: ಉದ್ದವಾದ ಬಂಡಿ, ಅದನ್ನು ಎಳೆಯುವ ದನಗಳ ಸಾಲು, ಸನ್ನೆಗೋಲು ಹಿಡಿದ ಆಳುಗಳು. ಚರಿತ್ರೆಯ ಅಧ್ಯಾಪಕರಿಗೆ ಆ ಚಿತ್ರದಲ್ಲಿ ಕಾಣುವುದೇ ಬೇರೆ. ಭೌತವಿಜ್ಞಾನವನ್ನು ಬೋಧಿಸುವವನಿಗೆ ಅದು ಶಕ್ತಿಯ ಲೆಕ್ಕದ ಒಂದು ಪುಟದಂತೆ ತೋರುತ್ತದೆ. ಹುಲ್ಲಿನಲ್ಲಿದ್ದ ಶಕ್ತಿ ದನಗಳ ಸ್ನಾಯುಗಳಿಗೆ ಬಂದಿತು. ಸ್ನಾಯುಗಳಿಂದ ಬಂಡಿಗೆ ಬಂದಿತು. ಬಂಡಿಯ ಅಚ್ಚಿನಲ್ಲಿಯೂ ನೆಲದಲ್ಲಿಯೂ ತಿಕ್ಕಾಟದಿಂದ ಶಾಖವಾಗಿ ಹರಡಿತು. ಅಲ್ಪ ಭಾಗ ಮಾತ್ರ, ಎತ್ತರಕ್ಕೇರಿದ ಕಲ್ಲಿನಲ್ಲಿ ಸ್ಥಾನಶಕ್ತಿಯಾಗಿ ನಿಂತಿತು. ಏಳು ಶತಮಾನಗಳ ಮೇಲೆಯೂ ಅದು ಅಲ್ಲಿಯೇ ಇದೆ. ಕಲ್ಲು ಉರುಳಿದರೆ ಅಷ್ಟೂ ಹಿಂದಕ್ಕೆ ದೊರೆಯುವುದು.

ಶಕ್ತಿಯನ್ನು ಹುಟ್ಟಿಸಲೂ ಆಗದು, ಅಳಿಸಲೂ ಆಗದು. ಅದು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಮಾರ್ಪಡುವುದು ಮಾತ್ರ. 1842ರಲ್ಲಿ ಮಾಯರ್, ಅದೇ ದಶಕದಲ್ಲಿ ಜೌಲ್, 1847ರಲ್ಲಿ ಹೆಲ್ಮ್‌ಹೋಲ್ಟ್ಸ್ ಇವರ ಪರಿಶ್ರಮದಿಂದ ಈ ನಿಯಮ ನೆಲೆಗೊಂಡಿತು. 1865ರಲ್ಲಿ ಕ್ಲಾಸಿಯಸ್ ಇದನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೊಯ್ದು, ಇಡೀ ವಿಶ್ವದ ಶಕ್ತಿಯ ಮೊತ್ತವು ಸ್ಥಿರವೆಂದು ಸಾರಿದನು. ನಮ್ಮ ಪಠ್ಯಪುಸ್ತಕಗಳು ಇಂದಿಗೂ ಬಹುಮಟ್ಟಿಗೆ ಆ ಮಾತನ್ನೇ ಹೇಳುತ್ತಿವೆ. ಈ ಪಾಠವನ್ನು ಮುಗಿಸಿದ ದಿನ, ಮಾನ್ವಿಯಿಂದ ಬರುವ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ಸರ್, ಹಾಂಗಾದ್ರ ಮೊದಲಿನ ಜಮಾ ಎಲ್ಲಿಂದ ಬಂತ್ರಿ?” ಎಂದು ಕೇಳಿದನು. ತರಗತಿ ನಕ್ಕಿತು. ನಾನು ನಗಲಿಲ್ಲ; ಏಕೆಂದರೆ ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ವಿಶ್ವಕ್ಕೆ ಆದಿಯುಂಟೆಂದು ಒಂದು ಗಂಟೆಯಲ್ಲಿ ಹೇಳಿ, ಶಕ್ತಿಗೆ ಆದಿಯಿಲ್ಲವೆಂದು ಮತ್ತೊಂದು ಗಂಟೆಯಲ್ಲಿ ಹೇಳುವ ಅಧ್ಯಾಪಕನು, ಎರಡನ್ನೂ ಒಟ್ಟಿಗೆ ಕೇಳಿದ ವಿದ್ಯಾರ್ಥಿಗೆ ಏನಾದರೂ ಸಮಾಧಾನ ಹೇಳಲೇಬೇಕು. ಆ ಪ್ರಯತ್ನವೇ ಈ ಲೇಖನ.

ಮೊದಲು ಲೆಕ್ಕವನ್ನು ಹಿಂದಕ್ಕೆ ನಡೆಸಿಕೊಂಡು ಹೋಗೋಣ. ಕೃಷ್ಣಾ ದಂಡೆಯ ಶಕ್ತಿನಗರದ ಉಷ್ಣ ವಿದ್ಯುತ್ ಕೇಂದ್ರವನ್ನು ನೋಡದ ವಿದ್ಯಾರ್ಥಿ ಈ ಭಾಗದಲ್ಲಿ ವಿರಳ. ಅಲ್ಲಿಯ ಮೊದಲನೆಯ ಘಟಕವು 1985ರಲ್ಲಿ ಕೆಲಸಕ್ಕೆ ತೊಡಗಿತು. ತಲಾ 210 ಮೆಗಾವಾಟಿನ ಏಳು ಘಟಕಗಳೂ 250 ಮೆಗಾವಾಟಿನ ಒಂದು ಘಟಕವೂ ಸೇರಿ ಅದರ ಸಾಮರ್ಥ್ಯ 1720 ಮೆಗಾವಾಟು. ಸಿಂಗರೇಣಿ ಮೊದಲಾದ ಗಣಿಗಳಿಂದ ರೈಲಿನಲ್ಲಿ ಬರುವ ಕಲ್ಲಿದ್ದಲಿನ ಶಕ್ತಿಯಲ್ಲಿ ಹೆಚ್ಚು ಕಡಿಮೆ ಮೂರರಲ್ಲಿ ಒಂದು ಪಾಲು ವಿದ್ಯುತ್ತಾಗಿ ಹೊರಡುತ್ತದೆ. ಉಳಿದೆರಡು ಪಾಲು ಎಲ್ಲಿ? ಚಿಮಣಿಯ ಹೊಗೆಯಲ್ಲಿ, ತಂಪುಗೊಳಿಸುವ ನೀರಿನಲ್ಲಿ, ಯಂತ್ರಗಳ ಬಿಸಿಯಲ್ಲಿ. ಕೂಡಿ ನೋಡಿದರೆ ಒಂದು ಕಾಸೂ ತಪ್ಪಿರುವುದಿಲ್ಲ. ಕಲ್ಲಿದ್ದಲಾದರೋ ಇಪ್ಪತ್ತೈದು ಮೂವತ್ತು ಕೋಟಿ ವರ್ಷಗಳ ಹಿಂದೆ ಜೌಗು ನೆಲದಲ್ಲಿ ಹೂತುಹೋದ ಸಸ್ಯರಾಶಿ. ಅದರಲ್ಲಿರುವುದು ಅಂದಿನ ಬಿಸಿಲು. ರಾಯಚೂರಿನವರಿಗೆ ಇಂದಿನ ಬಿಸಿಲೇ ಸಾಕಷ್ಟಿದೆ. ಅದರ ಮೇಲೆ ಪುರಾತನ ಬಿಸಿಲನ್ನೂ ಉರಿಸುತ್ತಿದ್ದೇವೆ.

ಬಿಸಿಲು ಸೂರ್ಯನಿಂದ. ಸೂರ್ಯನ ಗರ್ಭದಲ್ಲಿ ಹೈಡ್ರೋಜನ್ನಿನ ನಾಲ್ಕು ಪರಮಾಣು ಬೀಜಗಳು ಕೂಡಿ ಹೀಲಿಯಮ್ಮಿನ ಒಂದು ಬೀಜವಾಗುವಾಗ, ದ್ರವ್ಯರಾಶಿಯಲ್ಲಿ ಸಾವಿರಕ್ಕೆ ಏಳರಷ್ಟು ಭಾಗ ಕಡಿಮೆಯಾಗಿ ಶಕ್ತಿಯ ರೂಪದಲ್ಲಿ ಹೊರಬೀಳುತ್ತದೆ. ಹೀಗೆ ಸೂರ್ಯನು ಪ್ರತಿ ಸೆಕೆಂಡಿಗೆ ಸುಮಾರು 42 ಲಕ್ಷ ಟನ್ ರಾಶಿಯನ್ನು ಬೆಳಕಾಗಿ ಚೆಲ್ಲುತ್ತಿದ್ದಾನೆ. ಈ ವ್ಯಯ ಸುಮಾರು 460 ಕೋಟಿ ವರ್ಷಗಳಿಂದ ನಡೆದಿದೆ.

ಸೂರ್ಯನ ಖಾತೆಗೆ ಸೇರದ ಶಕ್ತಿಯೂ ನಮ್ಮ ಕಾಲಕೆಳಗೆ ಉಂಟು. ರಾಯಚೂರು, ದೇವದುರ್ಗ, ಮಾನ್ವಿಗಳ ಸುತ್ತ ಹರಡಿರುವ ಬಂಡೆಗುಡ್ಡಗಳು ಸುಮಾರು 250 ಕೋಟಿ ವರ್ಷಗಳಷ್ಟು ಪ್ರಾಚೀನವಾದ ಗ್ರಾನೈಟು ಮತ್ತು ನೈಸ್ ಶಿಲೆಗಳು. ಇಂಥ ಶಿಲೆಯಲ್ಲಿ ಯುರೇನಿಯಂ, ಥೋರಿಯಂಗಳು ಅತ್ಯಲ್ಪ ಪ್ರಮಾಣದಲ್ಲಿರುತ್ತವೆ. ದೇವದುರ್ಗದಿಂದ ಕೃಷ್ಣೆಯನ್ನು ದಾಟಿದರೆ ಸಿಕ್ಕುವ ಶಹಾಪುರದ ಸೀಮೆಯಲ್ಲಿ, ಗೋಗಿಯೆಂಬಲ್ಲಿ, ಯುರೇನಿಯಮ್ಮಿನ ನಿಕ್ಷೇಪವೇ ಇದೆ. ಈ ಧಾತುಗಳು ಒಡೆಯುತ್ತ ಮೆಲ್ಲನೆ ಶಾಖವನ್ನು ಬಿಡುತ್ತವೆ. ಸಾಮಾನ್ಯ ಗ್ರಾನೈಟಿನ ಒಂದು ಘನ ಮೀಟರಿನಿಂದ ಹೊರಡುವುದು ಒಂದು ವಾಟಿನ ಹತ್ತು ಲಕ್ಷದಲ್ಲಿ ಎರಡು ಮೂರು ಪಾಲು ಮಾತ್ರ. ಆದರೆ ಭೂಮಿಯ ಒಳಗಿನ ಬಿಸಿಗೆ ಇದು ಮುಖ್ಯವಾದ ಕಾರಣಗಳಲ್ಲಿ ಒಂದು. ಆ ಯುರೇನಿಯಂ ಸೂರ್ಯನಲ್ಲಿ ಹುಟ್ಟಿದುದಲ್ಲ. ಸೂರ್ಯನಿಗಿಂತ ಹಿಂದೆಯೇ ಬದುಕಿ ಮುಗಿದ ತಾರೆಗಳ ಕುಸಿತ, ಸ್ಫೋಟ, ಘರ್ಷಣೆಗಳಲ್ಲಿ ಅದು ರೂಪುಗೊಂಡಿತು. ನಮ್ಮ ಜಿಲ್ಲೆಯ ಹಟ್ಟಿಯ ಚಿನ್ನಕ್ಕೂ ಇಂಥದೇ ಕುಲಮೂಲ; ನ್ಯೂಟ್ರಾನ್ ತಾರೆಗಳೆರಡರ ಘರ್ಷಣೆಯಲ್ಲಿ ಭಾರವಾದ ಧಾತುಗಳು ಹುಟ್ಟುವುದಕ್ಕೆ 2017ರಲ್ಲಿ ನೇರವಾದ ಸಾಕ್ಷ್ಯ ದೊರೆಯಿತು.

ಸೂರ್ಯನ ಹೈಡ್ರೋಜನ್, ಪ್ರಾಚೀನ ತಾರೆಗಳ ಹೈಡ್ರೋಜನ್, ಎರಡೂ ಎಲ್ಲಿಂದ ಬಂದುವು? ಇಲ್ಲಿಯವರೆಗೂ ಲೆಕ್ಕ ಸರಿಯಾಗಿಯೇ ನಡೆಯುತ್ತದೆ. 1922ರಲ್ಲಿ ಫ್ರೀಡ್‌ಮನ್, 1927ರಲ್ಲಿ ಲಮೇತ್ರ್ ಇವರು ಐನ್‌ಸ್ಟೈನನ ಸಮೀಕರಣಗಳಿಂದ ಹಿಗ್ಗುವ ವಿಶ್ವದ ಕಲ್ಪನೆಯನ್ನು ಪಡೆದರು. 1929ರಲ್ಲಿ ಹಬಲ್, ದೂರದ ನೀಹಾರಿಕೆಗಳು ದೂರಕ್ಕೆ ತಕ್ಕ ವೇಗದಿಂದ ಹಿಂಜರಿಯುತ್ತಿವೆಯೆಂಬುದನ್ನು ತೋರಿಸಿದನು. ಹಿಂದಕ್ಕೆ ಗಣಿಸಿದರೆ, ಸುಮಾರು 1380 ಕೋಟಿ ವರ್ಷಗಳ ಹಿಂದೆ ವಿಶ್ವವು ಅತ್ಯಂತ ಸಾಂದ್ರವೂ ಅತ್ಯಂತ ಉಷ್ಣವೂ ಆಗಿದ್ದಿತು. ಮೊದಲ ಕೆಲವು ನಿಮಿಷಗಳಲ್ಲಿ, ಉಷ್ಣತೆ ನೂರು ಕೋಟಿ ಡಿಗ್ರಿಯ ಸುತ್ತ ಇದ್ದಾಗ, ಬೀಜಗಳು ಕೂಡತೊಡಗಿದುವು. ಸಾಕಷ್ಟು ಸಮಯವಿದ್ದಿದ್ದರೆ ಎಲ್ಲ ದ್ರವ್ಯವೂ ಕೂಡಿ ಕೂಡಿ, ಅತ್ಯಂತ ಗಟ್ಟಿಯಾಗಿ ಬಿಗಿದುಕೊಂಡ ಕಬ್ಬಿಣದ ಜಾತಿಯ ಬೀಜಗಳಾಗಿಬಿಡುತ್ತಿತ್ತು. ಆದರೆ ವಿಶ್ವವು ಹಿಗ್ಗುವ ರಭಸದಲ್ಲಿ ಒಲೆ ಬೇಗನೆ ಆರಿಹೋಯಿತು. ರಾಶಿಯ ಲೆಕ್ಕದಲ್ಲಿ ಕಾಲು ಭಾಗ ಹೀಲಿಯಂ ಆಯಿತು. ಮುಕ್ಕಾಲು ಭಾಗ ಹೈಡ್ರೋಜನ್ನಾಗಿಯೇ ಉಳಿಯಿತು. ಈ ಅರೆಬೆಂದ ಅಡಿಗೆಯೇ ನಮ್ಮ ಭಾಗ್ಯ. ಅಂದು ಉರಿಯದೆ ಉಳಿದ ಸೌದೆಯೇ ಇಂದು ಸೂರ್ಯನಲ್ಲಿ ಉರಿಯುತ್ತಿದೆ. ಶಕ್ತಿನಗರದ ದೀಪವೂ, ಶಿಲೆಯನ್ನು ಎಳೆದ ದನಗಳ ಬಲವೂ, ವಿಶ್ವವು ಅವಸರದಿಂದ ಹಿಗ್ಗಿದುದರ ಫಲವೆಂದು ಹೇಳಿದರೆ ಅತಿಶಯೋಕ್ತಿಯಲ್ಲ.

ಇನ್ನೂ ಹಿಂದಕ್ಕೆ ಹೋಗುವ ಮೊದಲು, ಮುಂದಿನ ಕಾಲದ ಒಂದು ನಮೂದನ್ನು ಪರಿಶೀಲಿಸಬೇಕು. ತೊಡಕು ಇರುವುದು ಅಲ್ಲಿ. ವಿಶ್ವಕ್ಕೆ ಸುಮಾರು 3,80,000 ವರ್ಷ ತುಂಬಿದಾಗ ಉಷ್ಣತೆಯು 3000 ಡಿಗ್ರಿಗೆ ಇಳಿದು, ಬೆಳಕು ದ್ರವ್ಯದ ಹಿಡಿತದಿಂದ ಬಿಡಿಸಿಕೊಂಡಿತು. ಆ ಬೆಳಕು ಇಂದಿಗೂ ವಿಶ್ವವನ್ನೆಲ್ಲ ತುಂಬಿದೆ. 1965ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಪ್ರಕಟಿಸಿದ ಶೋಧ ಇದೇ. ಈಗ ಅದರ ಉಷ್ಣತೆ ನಿರಪೇಕ್ಷ ಮಾನದಲ್ಲಿ 2.725 ಡಿಗ್ರಿ. ಬರಿಯ ಆಕಾಶದ ಒಂದು ಘನ ಸೆಂಟಿಮೀಟರಿನಲ್ಲಿ ಇದರ ಸುಮಾರು 410 ಫೋಟಾನುಗಳಿವೆ. ವಿಶ್ವವು ಅಂದಿನಿಂದ ಉದ್ದದಲ್ಲಿ ಸುಮಾರು 1100 ಮಡಿ ಹಿಗ್ಗಿದೆ. ಅಲೆಯುದ್ದವೂ ಅಷ್ಟೇ ಮಡಿ ಹೆಚ್ಚಿ, ಒಂದೊಂದು ಫೋಟಾನಿನ ಶಕ್ತಿಯೂ 1100ರಲ್ಲಿ ಒಂದು ಪಾಲಿಗೆ ಇಳಿದಿದೆ. ಫೋಟಾನುಗಳ ಸಂಖ್ಯೆಯಾದರೋ ಕಡಿಮೆಯಾಗಿಲ್ಲ. ಹಾಗಾದರೆ ಕಳೆದುಹೋದ ಶಕ್ತಿ ಎಲ್ಲಿ ಹೋಯಿತು?

ಬೆಳಕು ಹೀಗೆ ಬಡವಾಗುವುದು ಪುಸ್ತಕದ ಮಾತಷ್ಟೇ ಅಲ್ಲ. ನಮ್ಮ ನಾಡಿನಲ್ಲಿಯೇ ಇದನ್ನು ಹಿಡಿಯಲು ಪ್ರಯತ್ನ ನಡೆದಿದೆ. ಮೊದಲ ತಾರೆಗಳ ಕಾಲದ ಹೈಡ್ರೋಜನ್ನಿನ ರೇಡಿಯೋ ಅಲೆ ಹೊರಡುವಾಗ ಸೆಕೆಂಡಿಗೆ 142 ಕೋಟಿ ಕಂಪನಗಳುಳ್ಳದ್ದು. ಅದರ ಗುರುತು 7.8 ಕೋಟಿ ಕಂಪನಗಳ ಬಳಿಯಲ್ಲಿ, ಎಂದರೆ ಹದಿನೆಂಟು ಮಡಿ ಕುಗ್ಗಿ, ಆಸ್ಟ್ರೇಲಿಯದಲ್ಲಿಟ್ಟ ಉಪಕರಣದಲ್ಲಿ ಕಂಡಿತೆಂದು 2018ರಲ್ಲಿ ಅಮೆರಿಕದ ತಂಡವೊಂದು ಸಾರಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ‘ಸರಸ್’ ಎಂಬ ತಮ್ಮ ಗ್ರಾಹಕವನ್ನು 2020ರ ಆದಿಯಲ್ಲಿ ದಂಡಿಗಾನಹಳ್ಳಿಯ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ತೇಲಿಬಿಟ್ಟು ಪರೀಕ್ಷಿಸಿದರು. ನೆಲದ ಪದರಗಳಿಂದ ಬರುವ ಗೊಂದಲ ನೀರಿನ ಮೇಲೆ ಇಲ್ಲ. 2022ರಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ, ಆ ಬಗೆಯ ಗುರುತು ಆಕಾಶದಲ್ಲಿ ಇರಲಿಲ್ಲ. ಅಲೆ ಕುಗ್ಗುವ ವಿಷಯದಲ್ಲಿ ಉಭಯ ಪಕ್ಷಗಳಿಗೂ ವಿವಾದವಿಲ್ಲವೆಂಬುದನ್ನು ಗಮನಿಸಬೇಕು.

ಶಕ್ತಿ ಕಾಣೆಯಾದಂತೆ ತೋರಿದುದು ಇದು ಮೊದಲ ಸಲವಲ್ಲ. ಬೀಟಾ ಕ್ಷಯದಲ್ಲಿ ಹೊರಬೀಳುವ ಎಲೆಕ್ಟ್ರಾನುಗಳಿಗೆ ಇರಬೇಕಾದಷ್ಟು ಶಕ್ತಿಯಿಲ್ಲವೆಂಬುದು 1914ರಲ್ಲಿ ಚಾಡ್ವಿಕ್‌ನ ಪ್ರಯೋಗದಿಂದ ತಿಳಿದಿತ್ತು. ನೀಲ್ಸ್ ಬೋರ್‌ನಂಥವನೂ ಪರಮಾಣು ಬೀಜದಲ್ಲಿ ಈ ನಿಯಮವನ್ನು ಬಿಟ್ಟುಕೊಡಲು ಸಿದ್ಧನಾಗಿದ್ದನು. 1930ರಲ್ಲಿ ಪೌಲಿಯು, ಕಣ್ಣಿಗೆ ಬೀಳದ ಇನ್ನೊಂದು ಕಣವು ಆ ಶಕ್ತಿಯನ್ನು ಒಯ್ಯುತ್ತಿರಬೇಕೆಂದು ಸೂಚಿಸಿದನು. ಅದೇ ನ್ಯೂಟ್ರಿನೋ. 1956ರಲ್ಲಿ ಅದು ಪ್ರಯೋಗದಲ್ಲಿ ಸಿಕ್ಕಿತು. 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳೊಡನೆ ಸೇರಿ, ವಿಶ್ವಕಿರಣಗಳು ವಾಯುಮಂಡಲದಲ್ಲಿ ಹುಟ್ಟಿಸಿದ ನ್ಯೂಟ್ರಿನೋಗಳನ್ನು ಗುರುತಿಸಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿಯೂ ಇದು ಸಾಧ್ಯವಾಯಿತು. ಲೆಕ್ಕ ತಪ್ಪಿರಲಿಲ್ಲ, ಒಂದು ರಸೀದಿ ಕಾಣೆಯಾಗಿತ್ತು.

ಈ ಉದಾಹರಣೆಯ ಬಲದಿಂದ, ಪುರಾತನ ಬೆಳಕಿನ ಶಕ್ತಿಯನ್ನೂ ಯಾವುದೋ ಗುಪ್ತ ಕಣವು ಒಯ್ದಿರಬೇಕೆಂದು ಊಹಿಸುವವರುಂಟು. ಇಲ್ಲಿ ಆ ಊಹೆ ಸಲ್ಲದು. ಶಕ್ತಿನಗರದಲ್ಲಿ ಉಗಿಯು ಹಿಗ್ಗುತ್ತ ತಣ್ಣಗಾಗುತ್ತದೆ. ಅದು ಕಳೆದುಕೊಂಡ ಶಕ್ತಿ ತಿರುಗಾಲಿಯ ಅಲಗುಗಳನ್ನು ತಳ್ಳಿದ ಕೆಲಸವಾಗಿ ಸಿಕ್ಕುತ್ತದೆ. ವಿಶ್ವದ ಬೆಳಕೂ ಉಗಿಯ ಲೆಕ್ಕದಂತೆಯೇ ತಣ್ಣಗಾಗುತ್ತದೆ. ಆದರೆ ಅಲ್ಲಿ ತಳ್ಳಿಸಿಕೊಳ್ಳುವ ಅಲಗು ಇಲ್ಲ, ಅಲಗಿನ ಆಚೆಯ ಹೊರಗೂ ಇಲ್ಲ. ಜಮಾ ಕಡೆಗೆ ಬರೆಯಲು ಪುಟವೇ ಇಲ್ಲದ ಖರ್ಚು ಇದು.

ಹಾಗಾದರೆ ನಿಯಮ ಸುಳ್ಳಾಯಿತೆ? ಆಗಲಿಲ್ಲ. ಆದರೆ ಅದು ನಿಜವಾಗಿ ಏನನ್ನು ಹೇಳುತ್ತದೆಯೆಂಬುದನ್ನು ನಾವು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯನ್ನು ನೆನೆಯಿರಿ. ಮಾನ್ವಿಯ ಕಡೆಯ ಯಾವ ತೂಬಿನ ಬಳಿಯಲ್ಲಿ ನಿಂತು ನೋಡಿದರೂ, ಮೇಲಿನಿಂದ ಬಂದ ನೀರು, ಕೆಳಕ್ಕೆ ಹೋದ ನೀರು, ಹೊಲಕ್ಕೆ ತಿರುಗಿದ ನೀರು, ಇಂಗಿದ ನೀರು ಇವುಗಳ ಲೆಕ್ಕ ಆ ಸ್ಥಳದಲ್ಲಿಯೇ ಹೊಂದಬೇಕು. ಕಾಲುವೆಯ ಕೊನೆಯ ಭಾಗದ ರೈತನಿಗೆ ನೀರು ಮುಟ್ಟದಿದ್ದರೆ ಮೇಲೆ ಎಲ್ಲಿಯೋ ಅದು ಖರ್ಚಾಗಿದೆ. ನೀರು ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ತಾನಾಗಿ ತಲೆಯೆತ್ತುವುದಿಲ್ಲ. ಐನ್‌ಸ್ಟೈನನು 1915ರಲ್ಲಿ ಪೂರ್ಣಗೊಳಿಸಿದ ವ್ಯಾಪಕ ಸಾಪೇಕ್ಷತಾ ಸಿದ್ಧಾಂತದಲ್ಲಿ ಶಕ್ತಿ ಸಂರಕ್ಷಣೆ ನಿಂತಿರುವುದು ಈ ತೂಬಿನ ಲೆಕ್ಕದ ರೂಪದಲ್ಲಿ. ದೇಶಕಾಲಗಳ ಪ್ರತಿಯೊಂದು ಬಿಂದುವಿನಲ್ಲಿಯೂ ಅದು ಅಣುಮಾತ್ರ ತಪ್ಪದೆ ನಡೆಯುತ್ತದೆ. ಬೆಳಕು ತಣ್ಣಗಾಗುವ ಗತಿಯೂ ಈ ಸ್ಥಳೀಯ ಲೆಕ್ಕದಿಂದಲೇ ಬರುತ್ತದೆ.

ಆದರೆ ಎಲ್ಲ ತೂಬುಗಳ ಲೆಕ್ಕವನ್ನೂ ಕೂಡಿಸಿ ಇಡೀ ವಿಶ್ವಕ್ಕೆ ಒಂದು ಮೊತ್ತವನ್ನು ಬರೆಯಬಹುದೆ? ಸಾಮಾನ್ಯವಾಗಿ ಬರೆಯಲಾಗದು. ಕಾರಣವನ್ನು ಒಂದು ಹೋಲಿಕೆಯಿಂದ ತಿಳಿಸಬಹುದು. ದೇವದುರ್ಗದಲ್ಲಿ ಒಂದು ಕಂಬವನ್ನು ನೆಟ್ಟಗೆ ನಿಲ್ಲಿಸಿ, ಮಾನ್ವಿಯಲ್ಲಿ ಇನ್ನೊಂದನ್ನು ನೆಟ್ಟಗೆ ನಿಲ್ಲಿಸೋಣ. ನೇರವಾಗಿ ಅಳೆದರೆ ಊರುಗಳ ನಡುವೆ ಸುಮಾರು 50 ಕಿಲೋಮೀಟರು. ಎರಡು ಕಂಬಗಳೂ ‘ಮೇಲಕ್ಕೆ’ ಮುಖಮಾಡಿವೆ. ಆದರೆ ಭೂಮಿಯು ದುಂಡಾಗಿರುವುದರಿಂದ ಅವುಗಳ ನಡುವೆ ಅರ್ಧ ಡಿಗ್ರಿಗೆ ಸ್ವಲ್ಪ ಕಡಿಮೆಯಾದ ಕೋನವಿದೆ. ತಾಲ್ಲೂಕಿನ ಲೆಕ್ಕಕ್ಕೆ ಈ ಕೋನವನ್ನು ಮರೆತು, ಎರಡೂ ಒಂದೇ ದಿಕ್ಕೆಂದು ಕೂಡಿಸಬಹುದು. ಭೂಮಂಡಲದ ಎಲ್ಲ ಕಂಬಗಳನ್ನೂ ಹಾಗೆ ಕೂಡಿಸಹೊರಟರೆ ‘ಒಟ್ಟು ಮೇಲಕ್ಕೆ’ ಎಂಬ ಮಾತಿಗೆ ಅರ್ಥವೇ ಉಳಿಯದು. ಶಕ್ತಿಯೂ ಒಂದು ದಿಕ್ಕಿಗೆ ಸೇರಿದ ಪರಿಮಾಣ; ಆ ದಿಕ್ಕು ಕಾಲ. ಬಾಗಿದ ದೇಶಕಾಲದಲ್ಲಿ ಇಲ್ಲಿಯ ಕಾಲದ ದಿಕ್ಕನ್ನೂ ದೂರದ ನೀಹಾರಿಕೆಯ ಕಾಲದ ದಿಕ್ಕನ್ನೂ ಒಂದೇ ಎಂದು ಕೂಡಿಸಲು ಯಾವ ನಿರ್ವಿವಾದವಾದ ಕ್ರಮವೂ ಇಲ್ಲ. ಹೋಲಿಕೆಗೂ ಮಿತಿಯುಂಟು, ಆದರೂ ವಿಷಯದ ತಿರುಳು ಇದರಲ್ಲಿದೆ.

ಇದರ ಗಣಿತದ ಬೇರನ್ನು 1918ರಲ್ಲಿ ಎಮ್ಮಿ ನ್ಯೋಥರ್ ತೋರಿಸಿದಳು. ಪ್ರಕೃತಿಯ ಯಾವ ಏರ್ಪಾಡು ನಿನ್ನೆ ಇದ್ದಂತೆಯೇ ಇಂದೂ ಇದ್ದು, ಕಾಲವನ್ನು ಸರಿಸಿದರೂ ಬದಲಾಗದಿರುವುದೋ, ಅಲ್ಲಿ ಶಕ್ತಿಯೆಂಬ ಸ್ಥಿರ ಪರಿಮಾಣವಿರುತ್ತದೆ. ಜೌಲ್‌ನ ಪ್ರಯೋಗಶಾಲೆ ಅಂಥದು, ಶಕ್ತಿನಗರವೂ ಅಂಥದು. ಹಿಗ್ಗುತ್ತಿರುವ ವಿಶ್ವ ಅಂಥದಲ್ಲ. ಅದರ ನಿನ್ನೆ ಇಂದಿನಂತೆ ಇರಲಿಲ್ಲ. ಆದುದರಿಂದ ಆ ವಿಶ್ವಕ್ಕೆ ಒಟ್ಟು ಶಕ್ತಿಯ ಸ್ಥಿರಾಂಕವನ್ನು ಕೇಳುವ ಹಕ್ಕೂ ನಮಗಿಲ್ಲ. ಕ್ಲಾಸಿಯಸನ ವಾಕ್ಯವನ್ನು ಇಂದಿಗೂ ಹಾಗೆಯೇ ಬಾಯಿಪಾಠ ಮಾಡಿಸುವುದು ತಪ್ಪೆಂದು ನನ್ನ ಅಭಿಪ್ರಾಯ.

ಈ ಬೆಳಕಿನಲ್ಲಿ ವಿಶ್ವೋತ್ಪತ್ತಿಯ ವಾದಗಳನ್ನು ನೋಡಬಹುದು. ವಿಶ್ವಕ್ಕೆ ಆದಿಯೇ ಇಲ್ಲವೆಂದು 1948ರಲ್ಲಿ ಬಾಂಡಿ, ಗೋಲ್ಡ್, ಹಾಯ್ಲ್ ಇವರು ಮುಂದಿಟ್ಟ ಸ್ಥಿರಸ್ಥಿತಿ ವಾದದಲ್ಲಿ, ಹಿಗ್ಗಿದ ಜಾಗವನ್ನು ತುಂಬಲು ಹೊಸ ದ್ರವ್ಯ ಸದಾ ಹುಟ್ಟಬೇಕಾಗಿತ್ತು: ಒಂದು ಘನ ಮೀಟರಿಗೆ ನೂರು ಕೋಟಿ ವರ್ಷಕ್ಕೆ ಸುಮಾರು ಒಂದು ಹೈಡ್ರೋಜನ್ ಪರಮಾಣು. ನಿಯಮವನ್ನು ಮುರಿದರೆಂಬ ಆಕ್ಷೇಪಕ್ಕೆ ಉತ್ತರವಾಗಿ, ಹಾಯ್ಲ್ ಮತ್ತು ನಮ್ಮವರೇ ಆದ ಜಯಂತ ನಾರ್ಳೀಕರರು 1960ರ ದಶಕದಲ್ಲಿ ಋಣಶಕ್ತಿಯುಳ್ಳ ಒಂದು ಕ್ಷೇತ್ರವನ್ನು ಕಲ್ಪಿಸಿ ಲೆಕ್ಕವನ್ನು ಸರಿದೂಗಿಸಿದರು. ವಾದವು ಸೋತುದು ಲೆಕ್ಕದಿಂದಲ್ಲ, 1965ರ ಆ ಪುರಾತನ ಬೆಳಕಿನಿಂದ. ಎಡ್ವರ್ಡ್ ಟ್ರಯಾನ್ 1973ರಲ್ಲಿ ಹೇಳಿದುದು ಬೇರೆ: ದ್ರವ್ಯದ ಶಕ್ತಿ ಧನ, ಗುರುತ್ವಾಕರ್ಷಣೆಯ ಶಕ್ತಿ ಋಣ, ಎರಡೂ ಸಮವಾಗಿದ್ದರೆ ಮೊತ್ತ ಶೂನ್ಯ, ಶೂನ್ಯ ಶಕ್ತಿಯ ವಿಶ್ವ ನಿರ್ವಾತದಿಂದ ಹುಟ್ಟಲು ಯಾವ ನಿಯಮವೂ ಅಡ್ಡಬಾರದು. ಮಾತು ಮನೋಹರವಾಗಿದೆ. ಆದರೆ ಮೊತ್ತವನ್ನೇ ಬರೆಯಲಾಗದ ಕಡೆ ‘ಶೂನ್ಯ’ ಎಂದು ಬರೆಯುವುದೂ ಸಾಹಸವೇ. ಅಲ್ಲದೆ, ಆ ನಿರ್ವಾತಕ್ಕೆ ಕ್ವಾಂಟಂ ನಿಯಮಗಳು ಮೊದಲೇ ಅನ್ವಯಿಸುತ್ತಿದ್ದುವೆಂದು ಒಪ್ಪಿಕೊಂಡೇ ವಾದ ಹೊರಡುವುದರಿಂದ, ಅದನ್ನು ‘ಏನೂ ಇಲ್ಲದ್ದು’ ಎನ್ನುವುದು ಕಷ್ಟ.

ನನ್ನ ವಿದ್ಯಾರ್ಥಿಗೆ ಮುಂದಿನ ವಾರ ನಾನು ಹೇಳಿದುದು ಇಷ್ಟು: ಮೊದಲ ಕ್ಷಣಗಳಿಂದ ಈಚೆಗೆ ಪ್ರತಿಯೊಂದು ಸ್ಥಳದ ಲೆಕ್ಕವನ್ನೂ ನಿಯಮ ಕಾಯುತ್ತದೆ, ಇಡೀ ವಿಶ್ವಕ್ಕೆ ಜಮಾ ಇದ್ದಿತೆಂದಾಗಲಿ ಇರಲಿಲ್ಲವೆಂದಾಗಲಿ ಅದು ಹೇಳುವುದಿಲ್ಲ. ವಿಶ್ವಕ್ಕೆ ಆದಿಯಿರಕೂಡದೆಂದು ಈ ನಿಯಮದಿಂದ ಸಾಧಿಸಲಾಗದು. ಆದಿ ಹೇಗಾಯಿತೆಂಬುದೂ ಇದರಿಂದ ದೊರೆಯದು. ಅವನು ಪೂರ್ತಿಯಾಗಿ ಒಪ್ಪಿದಂತೆ ಕಾಣಲಿಲ್ಲ. ಲೆಕ್ಕ ಬರೆಯುವವನೇ ಮೊತ್ತ ಬೇಡವೆಂದರೆ ಅನುಮಾನ ಬರುವುದು ಸಹಜ.

ಅನುಮಾನಕ್ಕೆ ಇನ್ನೂ ಒಂದು ಆಸ್ಪದವಿದೆ. ದೂರದ ತಾರಾಸ್ಫೋಟಗಳ ವೀಕ್ಷಣೆಯಿಂದ, ವಿಶ್ವದ ಹಿಗ್ಗುವಿಕೆ ತೀವ್ರವಾಗುತ್ತಿದೆಯೆಂದು 1998ರಲ್ಲಿ ತಿಳಿದುಬಂದಿತು. ಇದಕ್ಕೆ ಕಾರಣವೆಂದು ಭಾವಿಸಲಾದ ‘ಕೃಷ್ಣಶಕ್ತಿ’ಯು ಇಂದಿನ ವಿಶ್ವದ ಶಕ್ತಿಸಾಂದ್ರತೆಯಲ್ಲಿ ನೂರಕ್ಕೆ ಸುಮಾರು 68 ಪಾಲು, ಒಂದು ಘನ ಮೀಟರಿಗೆ ಮೂರು ನಾಲ್ಕು ಹೈಡ್ರೋಜನ್ ಪರಮಾಣುಗಳ ರಾಶಿಗೆ ಸಮ. ವಿಶ್ವ ಹಿಗ್ಗಿದರೂ ಇದರ ಸಾಂದ್ರತೆ ಕಡಿಮೆಯಾಗದೆಂಬುದು ರೂಢಿಯ ಸಿದ್ಧಾಂತ. ಎಂದರೆ, ಜಾಗ ಹೆಚ್ಚಿದಷ್ಟೂ ಇದು ಹೆಚ್ಚುತ್ತದೆ. ಬೆಳಕಿನ ಒತ್ತಡ ಧನವಾಗಿರುವುದರಿಂದ ಹಿಗ್ಗಿದಾಗ ಅದರ ಶಕ್ತಿ ಇಳಿಯಿತು. ಇದರ ಒತ್ತಡ ಋಣವಾಗಿರುವುದರಿಂದ ಹಿಗ್ಗಿದಾಗ ಶಕ್ತಿ ಏರುತ್ತದೆ. ತೂಬಿನ ಲೆಕ್ಕ ಎರಡರಲ್ಲಿಯೂ ಸರಿಯೇ. ಆದರೆ ಅಮೆರಿಕದ ಅರಿಜೋನದಲ್ಲಿರುವ ದೂರದರ್ಶಕದಿಂದ ಲಕ್ಷಾಂತರ ನೀಹಾರಿಕೆಗಳ ದೂರವನ್ನು ಅಳೆದ ‘ಡೆಸಿ’ ಯೋಜನೆಯವರು, ಈ ಸಾಂದ್ರತೆಯು ಕಾಲಕಾಲಕ್ಕೆ ಬದಲಾಗುತ್ತಿರಬಹುದೆಂಬ ಸೂಚನೆಯನ್ನು 2024 ಮತ್ತು 2025ರಲ್ಲಿ ಪ್ರಕಟಿಸಿದ್ದಾರೆ. ಅದು ನಿರ್ಣಯವೆನ್ನುವಷ್ಟು ಗಟ್ಟಿಯಾಗಿಲ್ಲ. ಗಟ್ಟಿಯಾದರೆ, ಮೇಲೆ ಬರೆದ ಲೆಕ್ಕದ ಅತಿ ದೊಡ್ಡ ನಮೂದನ್ನೇ ತಿದ್ದಬೇಕಾಗುತ್ತದೆ. ಆಗ ಈ ಪಾಠವನ್ನು ಮಾನ್ವಿಯ ಹುಡುಗನ ಎದುರಿಗೆ ಮತ್ತೊಮ್ಮೆ ಮೊದಲಿನಿಂದ ಮಾಡಬೇಕು.